ಪತಿತ ಯೋಧನ ಪಾಪಭಾರ: ‘ಸ್ಟಾರ್ ವಾರ್ಸ್’ ಕಥಾಲೋಕದ ಒಂದು ಬಗೆಹರಿಯದ ಪ್ರಶ್ನೆ

ಇರುಳು ಕವಿದ ಅಡವಿಯ ನಡುವೆ ಒಂದು ಚಿತೆ ಉರಿಯುತ್ತಿದೆ. ಅದರ ಮೇಲಿರುವುದು ಕರಿಯ ಕವಚ, ಕರಿಯ ಶಿರಸ್ತ್ರಾಣ, ತಲೆಬುರುಡೆಯನ್ನು ನೆನಪಿಗೆ ತರುವ ಒಂದು ಮುಖವಾಡ. ಎದುರಿಗೆ ನಿಂತಿರುವವನು ಮಗನೊಬ್ಬನೇ. ಮಂತ್ರವಿಲ್ಲ, ಬಂಧುಬಳಗವಿಲ್ಲ, ವೀರನಿಗೆ ಸಲ್ಲುವ ಮರ್ಯಾದೆಯ ಲವಲೇಶವೂ ಇಲ್ಲ. ಅದೇ ಕಾಡಿನ ಇನ್ನೊಂದು ಕಡೆ ಗೆದ್ದವರು ಹಬ್ಬ ಮಾಡುತ್ತಿದ್ದಾರೆ. ಸತ್ತವನ ಮಗಳು ಆ ಹಬ್ಬದಲ್ಲಿದ್ದಾಳೆ, ಚಿತೆಯ ಬಳಿಗೆ ಬಂದಿಲ್ಲ. 1983ರಲ್ಲಿ ತೆರೆಕಂಡ ‘ರಿಟರ್ನ್ ಆಫ್ ದ ಜೆಡೈ’ ಚಿತ್ರದ ಕೊನೆಯ ಈ ದೃಶ್ಯವನ್ನು, ತಂದೆಗೆ ಕೊಳ್ಳಿಯಿಡುವುದು ಮಗನ ಕರ್ತವ್ಯವೆಂಬ ಸಂಸ್ಕಾರದಲ್ಲಿ ಬೆಳೆದ ನಮ್ಮ ಪ್ರೇಕ್ಷಕನಿಗೆ ಯಾರೂ ಬಿಡಿಸಿ ಹೇಳಬೇಕಾದ್ದಿಲ್ಲ. ಆದರೆ ಆ ಚಿತೆಯ ಹಿಂದಿರುವ ಪ್ರಶ್ನೆಯನ್ನು ಬಿಡಿಸುವುದು ಅಷ್ಟು ಸುಲಭವಲ್ಲ. ಎಳೆಯ ಮಕ್ಕಳನ್ನು ಕೊಂದು, ಗುರುಭ್ರಾತೃಗಳನ್ನು ಬೇಟೆಯಾಡಿ, ಎರಡು ದಶಕಗಳಿಗೂ ಮಿಕ್ಕು ಒಂದು ಕ್ರೂರ ಸಾಮ್ರಾಜ್ಯದ ಬಲಗೈಯಾಗಿದ್ದವನು, ಕೊನೆಯ ಒಂದು ಗಳಿಗೆಯಲ್ಲಿ ಮಗನ ಪ್ರಾಣವನ್ನು ಉಳಿಸಿದ ಮಾತ್ರಕ್ಕೆ ಪಾಪಮುಕ್ತನಾದನೇ? ಈ ಪ್ರಶ್ನೆಗೆ ನಾಲ್ಕು ದಶಕಗಳಲ್ಲಿ ಬಂದಿರುವ ಉತ್ತರಗಳನ್ನು ಒಂದೆಡೆ ಕೂಡಿಸಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆಯ ಸ್ವರೂಪ

ವಿಜ್ಞಾನದ ಯಂತ್ರಸಾಮಗ್ರಿಯನ್ನೂ ಪುರಾಣದ ಅದ್ಭುತವನ್ನೂ ಒಂದೇ ನೇಯ್ಗೆಯಲ್ಲಿ ಹೆಣೆಯುವ ಕಥಾಪ್ರಕಾರವನ್ನು ‘ಸೈನ್ಸ್ ಫ್ಯಾಂಟಸಿ’ ಎಂದು ಕರೆಯುವುದು ವಾಡಿಕೆ. ಅಮೆರಿಕದ ನಿರ್ದೇಶಕ ಜಾರ್ಜ್ ಲೂಕಸ್ 1977ರಲ್ಲಿ ಆರಂಭಿಸಿದ ‘ಸ್ಟಾರ್ ವಾರ್ಸ್’ ಈ ಪ್ರಕಾರದ ಅತ್ಯಂತ ಪ್ರಸಿದ್ಧವಾದ ಉದಾಹರಣೆ. ಅಲ್ಲಿ ಅಂತರಿಕ್ಷನೌಕೆಗಳಿವೆ, ಮಾತನಾಡುವ ಯಂತ್ರಗಳಿವೆ. ಅವುಗಳ ನಡುವೆಯೇ ‘ಫೋರ್ಸ್’ ಎಂಬ, ಚರಾಚರಗಳನ್ನೆಲ್ಲ ಒಂದಾಗಿ ಹಿಡಿದಿಟ್ಟಿರುವ ಪರಾಶಕ್ತಿಯೊಂದಿದೆ. ಆ ಶಕ್ತಿಯ ಬೆಳಕಿನ ಮಗ್ಗುಲನ್ನು ಉಪಾಸಿಸುವ ಯೋಧಯತಿಗಳು ಜೆಡೈಗಳು, ಕತ್ತಲ ಮಗ್ಗುಲನ್ನು ನೆಚ್ಚಿದವರು ಸಿತ್‌ಗಳು.

ಇಂತಹ ಲೋಕದಲ್ಲಿ ಶ್ರದ್ಧಾಭಂಗವೆಂಬುದಕ್ಕೆ ನಮ್ಮ ಲೋಕದಲ್ಲಿಲ್ಲದ ಒಂದು ವಿಶೇಷಾರ್ಥ ಒದಗುತ್ತದೆ. ನಮ್ಮಲ್ಲಿ ಸಂಶಯಗ್ರಸ್ತನಾದವನು ದೇವರು ಇದ್ದಾನೆಯೇ ಎಂದು ಕೇಳುತ್ತಾನೆ. ಜೆಡೈಗೆ ಆ ಸಂಶಯಕ್ಕೆ ಎಡೆಯೇ ಇಲ್ಲ, ಏಕೆಂದರೆ ಕೈಚಾಚಿದರೆ ಕಲ್ಲು ತಾನಾಗಿ ಮೇಲೇಳುತ್ತದೆ. ಅವನ ಸಂಶಯ ಅದಕ್ಕಿಂತ ಘೋರವಾದುದು: ಈ ಶಕ್ತಿ ಒಳ್ಳೆಯದೇ? ಅದರ ಹೆಸರಿನಲ್ಲಿ ನನ್ನನ್ನು ಆಳುವವರು ಯೋಗ್ಯರೇ? ಅದರಿಂದ ಬಲ ಪಡೆದು ನಾನು ಮಾಡಿದ ಪಾಪಕ್ಕೆ ಪಾಲುದಾರರು ಯಾರು? ಆದಕಾರಣವೇ ಈ ಕಥಾಲೋಕದಲ್ಲಿ ಪಾಪಪ್ರಜ್ಞೆ ಹಾಗೂ ಶ್ರದ್ಧಾಭಂಗಗಳನ್ನು ಒಂದರಿಂದ ಇನ್ನೊಂದನ್ನು ಬಿಡಿಸಿ ನೋಡಲಾಗುವುದಿಲ್ಲ.

ಪ್ರಶ್ನೆ ಬೆಳೆದು ಬಂದ ಬಗೆ

1977ರ ಮೊದಲ ಚಿತ್ರದಲ್ಲಿ ಈ ಪ್ರಶ್ನೆ ಹುಟ್ಟಿಯೇ ಇರಲಿಲ್ಲ. ಮುಂದೆ ಆ ಚಿತೆಯನ್ನೇರುವ ಡಾರ್ತ್ ವೇಡರ್ ಅಲ್ಲಿ ಕೇವಲ ಖಳ. ನಾಯಕ ಲೂಕನ ತಂದೆಯನ್ನು ಕೊಂದವನೆಂದು ವೃದ್ಧ ಗುರು ಒಬಿ-ವಾನ್ ಕೆನೋಬಿ ಹೇಳುತ್ತಾನೆ. ಎರಡನೆಯ ಚಿತ್ರಕ್ಕೆ ಮೊದಲ ಕರಡನ್ನು ಬರೆದ ಲೀ ಬ್ರ್ಯಾಕೆಟ್ ಅವರ ಹಸ್ತಪ್ರತಿಯಲ್ಲಿಯೂ ವೇಡರ್ ಬೇರೆ, ಲೂಕನ ತಂದೆ ಬೇರೆ. ತಂದೆಯ ಪ್ರೇತ ಮಗನಿಗೆ ಪ್ರತ್ಯೇಕವಾಗಿ ಕಾಣಿಸಿಕೊಳ್ಳುತ್ತದೆ. ಬ್ರ್ಯಾಕೆಟ್ 1978ರಲ್ಲಿ ತೀರಿಕೊಂಡ ತರುವಾಯ ಕಥೆಯನ್ನು ತಾನೇ ಮತ್ತೆ ಬರೆಯಲು ಕುಳಿತ ಲೂಕಸ್ ಆ ಇಬ್ಬರನ್ನೂ ಒಂದುಗೂಡಿಸಿದನು. 1980ರಲ್ಲಿ ಇರ್ವಿನ್ ಕರ್ಷ್ನರ್ ನಿರ್ದೇಶನದಲ್ಲಿ ಬಂದ ‘ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರ ಕೊಂದವನೇ ತಂದೆಯೆಂದು ಸಾರಿದಾಗ, ಖಳನಾಗಿದ್ದವನು ಪತಿತನಾದನು. ಪತಿತನೆಂದ ಮೇಲೆ ಅವನು ಬಿದ್ದದ್ದು ಎಲ್ಲಿಂದ, ಏಳುವುದು ಹೇಗೆ ಎಂಬ ಪ್ರಶ್ನೆಗಳು ತಾವಾಗಿಯೇ ಎದ್ದುವು.

ಏಳುವ ಕಥೆ 1983ರಲ್ಲಿ ಬಂದಿತು. ಬೀಳುವ ಕಥೆಗೆ ಮಾತ್ರ ಜನ 1999ರಿಂದ 2005ರವರೆಗೆ, ಮೂರು ಚಿತ್ರಗಳ ಕಾಲ ಕಾಯಬೇಕಾಯಿತು. ಮರುಭೂಮಿಯ ಗ್ರಹವೊಂದರಲ್ಲಿ ತಾಯಿಯೊಡನೆ ಗುಲಾಮನಾಗಿದ್ದ, ಮುಂದೆ ವೇಡರ್ ಆಗಲಿದ್ದ ಒಂಬತ್ತು ವರ್ಷದ ಅನಾಕಿನ್ ಸ್ಕೈವಾಕರ್, ಶಕ್ತಿಗೆ ಸಮತೋಲವನ್ನು ತರಲು ಹುಟ್ಟಿದವನೆಂಬ ಭವಿಷ್ಯವಾಣಿಯ ಭಾರವನ್ನು ಹೊತ್ತು ಜೆಡೈ ಮಂದಿರವನ್ನು ಸೇರಿದ್ದು, ತಾಯಿಯ ಸಾವನ್ನು ತಡೆಯಲಾರದೆ ಹೋದದ್ದು, ಹೆಂಡತಿ ಪದ್ಮೆಯ ಸಾವನ್ನಾದರೂ ತಡೆಯುವೆನೆಂದು ಕತ್ತಲ ಪಕ್ಷಕ್ಕೆ ಶರಣಾದದ್ದು ಈ ಚಿತ್ರಗಳ ವಸ್ತು. ಈ ನಡುವೆ 2003 ಹಾಗೂ 2004ರಲ್ಲಿ ಬಂದ ‘ನೈಟ್ಸ್ ಆಫ್ ದ ಓಲ್ಡ್ ರಿಪಬ್ಲಿಕ್’ ಎಂಬ ಎರಡು ಕಂಪ್ಯೂಟರ್ ಆಟಗಳು, 2008ರಿಂದ ನಡೆದ ‘ದ ಕ್ಲೋನ್ ವಾರ್ಸ್’ ಆನಿಮೇಷನ್ ಸರಣಿ, 2015ರಿಂದ 2019ರವರೆಗಿನ ಹೊಸ ಚಿತ್ರತ್ರಯ, 2022ರ ‘ಒಬಿ-ವಾನ್ ಕೆನೋಬಿ’ ಸರಣಿ ಇವೆಲ್ಲವೂ ಅದೇ ಪ್ರಶ್ನೆಯನ್ನು ಬೇರೆ ಬೇರೆ ಪಾತ್ರಗಳ ಮೂಲಕ ಮತ್ತೆ ಮತ್ತೆ ಕೇಳಿವೆ. ಇವುಗಳ ಸುತ್ತ ಬೆಳೆದ ಚರ್ಚೆಯನ್ನು ಸ್ಥೂಲವಾಗಿ ನಾಲ್ಕು ಪಕ್ಷಗಳಾಗಿ ವಿಂಗಡಿಸಬಹುದು.

ಮೊದಲನೆಯದು: ಉದ್ಧಾರಪಕ್ಷ

ಲೂಕಸ್‌ನ ಸ್ವಂತ ನಿಲುವು ಇದೇ. ಅವನ ಮೇಲೆ ಗಾಢವಾದ ಪ್ರಭಾವ ಬೀರಿದ ಪುರಾಣವಿದ್ವಾಂಸ ಜೋಸೆಫ್ ಕ್ಯಾಂಬೆಲ್, 1949ರಲ್ಲಿ ಪ್ರಕಟಿಸಿದ ವೀರಗಾಥೆಗಳ ಅಧ್ಯಯನದಲ್ಲಿ, ತಂದೆಯೊಡನೆ ಸಂಧಾನವನ್ನು ವೀರನ ಯಾತ್ರೆಯ ಒಂದು ಮುಖ್ಯ ಘಟ್ಟವೆಂದು ನಿರೂಪಿಸಿದ್ದನು. ಈ ಕ್ಯಾಂಬೆಲ್ ಭಾರತೀಯ ಪುರಾಣಗಳಲ್ಲಿ ಆಳವಾಗಿ ಪರಿಶ್ರಮಿಸಿದವನು. ಸ್ವಾಮಿ ನಿಖಿಲಾನಂದರಿಗೆ ಶ್ರೀರಾಮಕೃಷ್ಣರ ವಚನಾಮೃತದ ಇಂಗ್ಲಿಷ್ ಅನುವಾದದಲ್ಲಿ ನೆರವಾದವನು. 1988ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ಅವನ ಪ್ರಸಿದ್ಧ ಸಂವಾದಗಳ ಬಹುಭಾಗ ಚಿತ್ರಿತವಾದದ್ದು ಲೂಕಸ್‌ನ ಎಸ್ಟೇಟಿನಲ್ಲಿಯೇ.

ಈ ಪಕ್ಷದ ಆಧಾರವೆಲ್ಲ ಒಂದು ದೃಶ್ಯದಲ್ಲಿದೆ. ಚಕ್ರವರ್ತಿಯ ಸಿಂಹಾಸನದ ಮುಂದೆ, ಕೋಪದಿಂದ ಮೈಮರೆತ ಲೂಕ್ ತಂದೆಯ ಬಲಗೈಯನ್ನು ಕತ್ತರಿಸಿಬಿಡುತ್ತಾನೆ. ಕಡಿದ ಮಣಿಕಟ್ಟಿನಿಂದ ಹೊರಬಂದದ್ದು ರಕ್ತವಲ್ಲ, ಹರಿದ ತಂತಿಗಳು. ಲೂಕ್ ಆ ಮಣಿಕಟ್ಟನ್ನು ನೋಡುತ್ತಾನೆ, ಮರುಕ್ಷಣ ಕರಿಯ ಕೈಗವಸು ತೊಟ್ಟ ತನ್ನ ಯಂತ್ರದ ಕೈಯನ್ನು ನೋಡಿಕೊಳ್ಳುತ್ತಾನೆ, ಖಡ್ಗವನ್ನು ಎಸೆದುಬಿಡುತ್ತಾನೆ. ತಂದೆಯ ಪಾಪ ತನ್ನ ಕೈಯಲ್ಲಿಯೂ ಇಳಿಯುತ್ತಿರುವುದನ್ನು ಕಂಡವನು ಹೊಡೆಯಲಾರ. ಚಕ್ರವರ್ತಿ ಆ ನಿರಾಯುಧನನ್ನು ಮಿಂಚಿನಿಂದ ಸುಡತೊಡಗಿದಾಗ, ವೇಡರ್ ಮಗನತ್ತ ಒಮ್ಮೆ, ಒಡೆಯನತ್ತ ಒಮ್ಮೆ ತಿರುಗಿ ನೋಡಿ, ಒಡೆಯನನ್ನೆತ್ತಿ ಪಾತಾಳಕ್ಕೆ ಎಸೆಯುತ್ತಾನೆ. ಆ ಮಿಂಚೇ ಅವನ ಪ್ರಾಣವನ್ನೂ ಹೀರುತ್ತದೆ. ಪಾಪಿಯಲ್ಲಿ ಒಳಿತಿನ ಕಿಡಿ ಎಂದಿಗೂ ಆರುವುದಿಲ್ಲ, ಅದನ್ನು ಹೊತ್ತಿಸುವುದು ದಂಡನೆಯಲ್ಲ, ಪ್ರೀತಿ ಎಂಬುದು ಈ ಪಕ್ಷದ ಸಿದ್ಧಾಂತ. ವೇಡರನ ಕೊನೆಯ ಕೃತ್ಯವನ್ನು ಇದು ಚೆನ್ನಾಗಿ ವಿವರಿಸುತ್ತದೆ. ಆದರೆ ಅದಕ್ಕೆ ಹಿಂದಿನ ಕೃತ್ಯಗಳ ಲೆಕ್ಕ ಏನಾಯಿತೆಂದು ಕೇಳಿದರೆ ಮೌನ ತಾಳುತ್ತದೆ.

ಎರಡನೆಯದು: ಋಣಪಕ್ಷ

ಆ ಮೌನವನ್ನೇ ಎತ್ತಿ ಹಿಡಿಯುವವರದು ಎರಡನೆಯ ಪಕ್ಷ. ಮಗ ಕ್ಷಮಿಸಬಹುದು, ಆದರೆ ಅವನು ಕ್ಷಮಿಸಬಲ್ಲದ್ದು ತನಗಾದ ಅನ್ಯಾಯವನ್ನು ಮಾತ್ರ. ಸತ್ತವರ ಪರವಾಗಿ ಕ್ಷಮಿಸುವ ಅಧಿಕಾರಪತ್ರವನ್ನು ಅವನಿಗೆ ಕೊಟ್ಟವರಾರು, ಎಂದು ಇವರ ವಾದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಯುತ್ತಿದ್ದ ನಾಜಿ ಸೈನಿಕನೊಬ್ಬ ಯಹೂದಿ ಬಂದಿಯಾಗಿದ್ದ ಸೈಮನ್ ವೀಸೆಂಥಾಲ್‌ನನ್ನು ಹಾಸಿಗೆಯ ಬಳಿಗೆ ಕರೆಸಿಕೊಂಡು ಕ್ಷಮೆ ಯಾಚಿಸಿದಾಗ, ವೀಸೆಂಥಾಲ್ ಒಂದು ಮಾತನ್ನೂ ಆಡದೆ ಎದ್ದುಹೋದನು. ತಾನು ಮಾಡಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಮುಂದೆ ‘ಸೂರ್ಯಕಾಂತಿ’ ಎಂಬ ಅರ್ಥದ ಹೆಸರಿನ ಗ್ರಂಥದಲ್ಲಿ ಲೋಕದ ಚಿಂತಕರ ಮುಂದಿಟ್ಟನು. ಆ ಗ್ರಂಥವನ್ನು ಓದಿದವರಿಗೆ ಲೂಕನ ಕ್ಷಮೆ ಬಹಳ ಅಗ್ಗವಾಗಿ ತೋರಿದರೆ ಆಶ್ಚರ್ಯವಿಲ್ಲ.

ಇಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ 1946ರಲ್ಲಿ ಮಾಡಿದ ವಿಭಾಗ ಬಹು ಉಪಯುಕ್ತವಾದುದು. ಅಪರಾಧವನ್ನು ಅವನು ನಾಲ್ಕು ಬಗೆಯಾಗಿ ವಿಂಗಡಿಸಿದನು: ನ್ಯಾಯಾಲಯಕ್ಕೆ ಸೇರಿದ್ದು, ರಾಜಕೀಯ ಹೊಣೆಗೆ ಸೇರಿದ್ದು, ಸ್ವಂತ ಅಂತಃಕರಣಕ್ಕೆ ಸೇರಿದ್ದು, ಕೊನೆಯದಾಗಿ ಪರಮಾತ್ಮನ ಮುಂದೆ ಮಾತ್ರ ನಿವೇದಿಸಬಹುದಾದ ಪಾರಮಾರ್ಥಿಕವಾದದ್ದು. ಮಂದಿರದ ಮಕ್ಕಳನ್ನು ಕೊಂದದ್ದು ವೇಡರನ ಸ್ವಹಸ್ತದ ಅಪರಾಧ. ಆಲ್ಡರಾನ್ ಗ್ರಹವನ್ನು ಸುಟ್ಟುಹಾಕುವ ಆಜ್ಞೆಯನ್ನು ಕೊಟ್ಟವನು ಸಾಮ್ರಾಜ್ಯದ ಅಧಿಕಾರಿ ಟಾರ್ಕಿನ್. ಆ ಹೊತ್ತು ವೇಡರ್ ಮಾಡಿದ್ದು, ತನ್ನ ಮಗಳೆಂದರಿಯದೆ ಲೇಯಾಳನ್ನು ಹಿಂದಿನಿಂದ ಹಿಡಿದು, ಅವಳ ನಾಡು ಬೂದಿಯಾಗುವುದನ್ನು ಅವಳು ನೋಡುವಂತೆ ನಿಲ್ಲಿಸಿದ್ದು. ಇದು ಬೇರೊಂದು ಬಗೆಯ ಅಪರಾಧ. ಉದ್ಧಾರಪಕ್ಷ ಮೂರನೆಯ ಹಾಗೂ ನಾಲ್ಕನೆಯ ನ್ಯಾಯಾಸ್ಥಾನಗಳ ಮುಂದೆ ಮಾತ್ರ ವಾದಿಸಿ, ಮೊದಲೆರಡನ್ನು ಮರೆತುಬಿಟ್ಟಿತೆಂಬುದು ಋಣಪಕ್ಷದವರ ಆಕ್ಷೇಪ. ಕ್ಯಾಥಿ ಟೈಯರ್ಸ್ ಬರೆದ ‘ದ ಟ್ರೂಸ್ ಅಟ್ ಬಕೂರಾ’ ಕಾದಂಬರಿಯಲ್ಲಿ ಅನಾಕಿನನ ಪ್ರೇತ ಮಗಳ ಬಳಿಗೆ ಬಂದು ಕ್ಷಮೆ ಬೇಡುತ್ತದೆ, ಲೇಯಾ ಕೊಡುವುದಿಲ್ಲ. ಚಿತೆಯ ಬಳಿ ಆಕೆ ಏಕಿರಲಿಲ್ಲವೆಂಬುದಕ್ಕೆ ಅದೇ ಉತ್ತರವೆಂದು ಈ ಪಕ್ಷ ಭಾವಿಸುತ್ತದೆ.

ಮೂರನೆಯದು: ವ್ರಣಪಕ್ಷ

ಮೂರನೆಯವರು ತೀರ್ಪನ್ನು ಬದಿಗಿಟ್ಟು ಗಾಯವನ್ನು ನೋಡುತ್ತಾರೆ. ‘ಸ್ಟಾರ್ ವಾರ್ಸ್’ ಹುಟ್ಟಿದ್ದು ವಿಯೆಟ್ನಾಂ ಯುದ್ಧದ ನೆರಳಿನಲ್ಲಿ. ಆ ಯುದ್ಧವನ್ನು ಕುರಿತ ‘ಅಪೊಕಲಿಪ್ಸ್ ನೌ’ ಚಿತ್ರವನ್ನು ಮೊದಲು ನಿರ್ದೇಶಿಸಬೇಕೆಂದಿದ್ದವನು ಲೂಕಸ್‌ನೇ. ಆ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಮಾಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ, 1994ರಲ್ಲಿ ಹೋಮರನ ಅಕಿಲೀಸನನ್ನೂ ತನ್ನ ರೋಗಿಗಳನ್ನೂ ಜೊತೆಗಿಟ್ಟು ಒಂದು ಗ್ರಂಥ ಬರೆದನು. ಭಯದಿಂದಾಗುವ ಆಘಾತ ಬೇರೆ, ಧರ್ಮವೆಂದು ನಂಬಿದ್ದು ಮುರಿದಾಗ ಆಗುವ ಆಘಾತ ಬೇರೆ ಎಂಬ ಅವನ ವಿವೇಚನೆಯಿಂದ ‘ನೈತಿಕ ಗಾಯ’ ಎಂಬ ಪರಿಕಲ್ಪನೆ ಬೆಳೆಯಿತು. ಅನಾಕಿನನನ್ನೂ ವೈದ್ಯರು ಬಿಡಲಿಲ್ಲ; 2011ರಲ್ಲಿ ಫ್ರಾನ್ಸಿನ ಮನೋವೈದ್ಯರು ವಿದ್ವತ್ಪತ್ರಿಕೆಯೊಂದರಲ್ಲಿ ಅವನ ನಡತೆಯಲ್ಲಿ ‘ಬಾರ್ಡರ್‌ಲೈನ್’ ವ್ಯಕ್ತಿತ್ವದೋಷದ ಲಕ್ಷಣಗಳನ್ನು ಗುರುತಿಸಿದರು.

ರೋಗದ ಹೆಸರಿಗಿಂತ ರೋಗದ ನಡೆ ಹೆಚ್ಚು ಬೋಧಪ್ರದವಾಗಿದೆ. ತಾಯಿಯನ್ನು ಕೊಂದ ಮರುಭೂಮಿಯ ಜನರ ಇಡೀ ಪಾಳೆಯವನ್ನು, ಹೆಂಗಸರು ಮಕ್ಕಳೆನ್ನದೆ ಕೊಂದು ಬಂದ ಅನಾಕಿನ್, ಪದ್ಮೆಯ ಮುಂದೆ ಮೊದಲು ಅಬ್ಬರಿಸಿ, ಆಮೇಲೆ ನೆಲಕ್ಕೆ ಕುಸಿದು ಅಳುತ್ತಾನೆ. ಅಲ್ಲಿ ಪಾಪಪ್ರಜ್ಞೆಯಿತ್ತು, ಪ್ರಾಯಶ್ಚಿತ್ತಕ್ಕೆ ದಾರಿಯಿರಲಿಲ್ಲ. ಮುಂದೆ ಹಿರಿಯ ಗುರು ವಿಂಡುವಿನ ಕೈ ಕಡಿದು ಅವನ ಸಾವಿಗೆ ಕಾರಣನಾದಾಗಲೂ ಅವನ ಬಾಯಿಂದ ಹೊರಡುವ ಮೊದಲ ಮಾತು ಪಶ್ಚಾತ್ತಾಪದ್ದೇ. ಆದರೆ ಅರೆಗಳಿಗೆಯೊಳಗೆ ಅವನು ಹೊಸ ಒಡೆಯನ ಮುಂದೆ ಮಂಡಿಯೂರುತ್ತಾನೆ. ಹಿಂದಿರುಗಲಾರೆನೆಂಬ ನಂಬಿಕೆಯೇ ಅವನನ್ನು ಮುಂದಕ್ಕೆ ನೂಕಿತು; ಒಂದು ಪಾಪವನ್ನು ವ್ಯರ್ಥವಾಗಗೊಡದಿರಲು ಇನ್ನೊಂದನ್ನು ಮಾಡಿದನು. ಲಾವಾರಸ ಹರಿಯುವ ಗ್ರಹದ ಮೊಗಸಾಲೆಯಲ್ಲಿ, ಕೊಲೆಗಳನ್ನೆಲ್ಲ ಮುಗಿಸಿ ಒಂಟಿಯಾಗಿ ನಿಂತವನ ಕೆನ್ನೆಯ ಮೇಲೆ ಇಳಿಯುವ ಒಂದು ಕಣ್ಣೀರನ್ನು ನೋಡಿದವರು, ಪಾಪಪ್ರಜ್ಞೆ ಮನುಷ್ಯನನ್ನು ಕಾಪಾಡಬಲ್ಲಂತೆ ಮುಳುಗಿಸಲೂ ಬಲ್ಲುದೆಂಬುದನ್ನು ಮರೆಯಲಾರರು.

ಈ ಪಕ್ಷದ ಅತ್ಯುತ್ತಮ ನಿದರ್ಶನ 2004ರ ಆಟದ ನಾಯಕಿ. ಆಟಗಾರನ ಆಯ್ಕೆಯಂತೆ ನಾಯಕನೂ ಆಗಬಹುದು. ಬಹಿಷ್ಕೃತೆಯೆಂದೇ ಅವಳ ಹೆಸರು. ಗುರುಮಂಡಲಿಯ ಮಾತು ಮೀರಿ ಯುದ್ಧಕ್ಕೆ ಹೋದ ಈ ಜೆಡೈ, ಮಲಕೋರ್ ಎಂಬಲ್ಲಿ ಶತ್ರುಗಳನ್ನೂ ತನ್ನವರನ್ನೂ ಒಟ್ಟಿಗೆ ನುಂಗಿದ ಮಹಾಯಂತ್ರವನ್ನು ಪ್ರಯೋಗಿಸಲು ಅಪ್ಪಣೆ ಕೊಟ್ಟವಳು. ಹೋದವರಲ್ಲಿ ತೀರ್ಪನ್ನು ಎದುರಿಸಲು ಹಿಂದಿರುಗಿದವಳು ಅವಳೊಬ್ಬಳೇ. ಗುರುಗಳ ನಡುವಿನ ಕಲ್ಲಿಗೆ ತನ್ನ ಬೆಳಕಿನ ಖಡ್ಗವನ್ನು ನಾಟಿ ಹೊರಟುಹೋಗುತ್ತಾಳೆ. ಶಕ್ತಿಯೊಡನೆ ಅವಳ ಸಂಬಂಧವನ್ನು ಕಡಿದವರು ಗುರುಗಳೆಂದು ಮೊದಲು ತೋರುತ್ತದೆ. ಅಷ್ಟೊಂದು ಸಾವುಗಳ ಕೂಗನ್ನು ತಾಳಲಾರದೆ ಅವಳೇ ಕಡಿದುಕೊಂಡಳೆಂಬುದು ಆಮೇಲೆ ತಿಳಿಯುತ್ತದೆ. ಶ್ರದ್ಧೆ ಕಳೆದುಹೋಗುವುದು ಸದಾ ಅವಿಶ್ವಾಸದಿಂದಲ್ಲ, ಕೆಲವೊಮ್ಮೆ ಬದುಕುಳಿಯುವುದಕ್ಕಾಗಿ ಎಂಬ ಈ ದರ್ಶನ ಚಿತ್ರಗಳಲ್ಲಿ ಕೂಡ ಇಷ್ಟು ಸ್ಪಷ್ಟವಾಗಿ ಬಂದಿಲ್ಲ.

ನಾಲ್ಕನೆಯದು: ಸಂಸ್ಥಾಪಕ್ಷ

ನಾಲ್ಕನೆಯವರು ಬಿದ್ದವನನ್ನು ಬಿಟ್ಟು, ಅವನು ಹತ್ತಿದ್ದ ಮೆಟ್ಟಿಲನ್ನು ಪರೀಕ್ಷಿಸುತ್ತಾರೆ. ಮಗುವನ್ನು ತಾಯಿಯಿಂದ ಬೇರ್ಪಡಿಸಿ, ತಾಯಿಯನ್ನು ದಾಸ್ಯದಲ್ಲಿಯೇ ಬಿಟ್ಟು, ಮಮತೆಯನ್ನೇ ದೋಷವೆಂದು ಕಲಿಸಿದ ಮಂದಿರ, ಆ ಮಗು ಮುಂದೆ ಮಮತೆಯಿಂದಲೇ ಕೆಟ್ಟಾಗ ತಾನು ನಿರ್ದೋಷಿಯೆಂದು ಹೇಳಿಕೊಳ್ಳಬಹುದೇ? ಶಾಂತಿಪಾಲಕರೆನಿಸಿದ ಯತಿಗಳು, ಯುದ್ಧಕ್ಕೆಂದೇ ತಯಾರಿಸಿದ ಮನುಷ್ಯರ ಸೇನೆಗೆ ಹಿಂದುಮುಂದು ನೋಡದೆ ದಳಪತಿಗಳಾದಾಗಲೇ ಪತನ ಆರಂಭವಾಗಲಿಲ್ಲವೇ?

‘ಕ್ಲೋನ್ ವಾರ್ಸ್’ ಸರಣಿಯ 2013ರ ಒಂದು ಪ್ರಸಂಗ ಈ ವಾದಕ್ಕೆ ಮೂರ್ತರೂಪ ಕೊಟ್ಟಿದೆ. ಅನಾಕಿನನ ಶಿಷ್ಯೆ ಅಸೋಕಾ ಮಾಡದ ಅಪರಾಧಕ್ಕೆ ಗುರುಮಂಡಲಿ ಅವಳನ್ನು ಹೊರಗೆ ಹಾಕಿ, ಸತ್ಯ ಹೊರಬಿದ್ದ ಮೇಲೆ, ಅದೆಲ್ಲ ಅವಳಿಗೊದಗಿದ ದೊಡ್ಡ ಪರೀಕ್ಷೆಯಾಗಿತ್ತೆಂದು ಹೇಳಿ ಮತ್ತೆ ಕರೆಯುತ್ತದೆ. ಅವಳ ಶಿಷ್ಯತ್ವದ ಗುರುತಾದ ಮಣಿಸರವನ್ನು ಅನಾಕಿನ್ ಅಂಗೈಯಲ್ಲಿ ಚಾಚಿದಾಗ, ಅಸೋಕಾ ಅದನ್ನು ತೆಗೆದುಕೊಳ್ಳದೆ, ಗುರುವಿನ ಬೆರಳುಗಳನ್ನು ಮೆಲ್ಲನೆ ಮಡಿಸಿ ಮುಚ್ಚಿ, ಮಂದಿರದ ಮೆಟ್ಟಿಲುಗಳನ್ನು ಇಳಿದುಹೋಗುತ್ತಾಳೆ. ಅವಳು ಬಿಟ್ಟದ್ದು ಸಂಸ್ಥೆಯನ್ನು, ಧರ್ಮವನ್ನಲ್ಲ. 2017ರ ‘ದ ಲಾಸ್ಟ್ ಜೆಡೈ’ ಚಿತ್ರದಲ್ಲಿ ವೃದ್ಧ ಲೂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೆಡೈ ಪರಂಪರೆಯೇ ಕೊನೆಗಾಣಲೆನ್ನುತ್ತಾನೆ. ಅವನ ಎದೆಯಲ್ಲಿರುವುದು ತನ್ನದೇ ಒಂದು ಕ್ಷಣ: ಮಲಗಿದ್ದ ಸೋದರಳಿಯನ ಮೇಲೆ, ಮುಂದೆ ಅವನಿಂದಾಗುವ ಕೇಡನ್ನು ಮುಂಗಂಡು, ಖಡ್ಗವೆತ್ತಿದ ಕ್ಷಣ. ತಂದೆಯಲ್ಲಿ ಒಳಿತನ್ನು ಕಂಡವನು ಮಗನಂತಿದ್ದವನಲ್ಲಿ ಕಾಣದೆಹೋದನು. ಪ್ರೇಕ್ಷಕರಲ್ಲಿ ಅನೇಕರಿಗೆ, ಲೂಕನ ಪಾತ್ರಧಾರಿ ಮಾರ್ಕ್ ಹ್ಯಾಮಿಲ್‌ಗೂ ಸಹ, ಈ ಚಿತ್ರಣ ಒಗ್ಗಲಿಲ್ಲ. ಆದರೂ ಗುರುವೇ ತಪ್ಪಿತಸ್ಥನಾದಾಗ ಶ್ರದ್ಧೆ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಯನ್ನು ಅದು ನಿರ್ಭಯವಾಗಿ ಎತ್ತಿತು. 2004ರ ಆಟದ ಕ್ರೇಯಾ ಎಂಬ ವೃದ್ಧೆಯ ನಿಲುವು ಇದಕ್ಕೂ ಆಚೆಗಿನದು: ಜೀವಿಗಳನ್ನು ಸೂತ್ರದ ಬೊಂಬೆಗಳಂತೆ ಆಡಿಸಿ ಸಮತೋಲ ಸಾಧಿಸುವ ಶಕ್ತಿಯೇ ಮೊದಲ ಅಪರಾಧಿಯೆಂದು ಆಕೆ ಭಾವಿಸುತ್ತಾಳೆ.

ಎರಡು ಹಳೆಯ ನಿದರ್ಶನಗಳು

ಭಾರತೀಯ ಪರಂಪರೆಯಲ್ಲಿ ವೇಡರನನ್ನು ಹೋಲುವ ಇಬ್ಬರು ಕೂಡಲೇ ನೆನಪಾಗುತ್ತಾರೆ. ಮಲಗಿದ್ದ ಉಪಪಾಂಡವರನ್ನು ಇರುಳಿನಲ್ಲಿ ಕೊಂದ ಅಶ್ವತ್ಥಾಮನಿಗೆ ಮಹಾಭಾರತ ಮರಣವನ್ನು ವಿಧಿಸಲಿಲ್ಲ; ಕೀವು ನೆತ್ತರು ನಾರುವ ಮೈಯಲ್ಲಿ ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯೆಂದು ವಿಧಿಸಿತು. ಪಾಲಿ ಸುತ್ತದ ಅಂಗುಲಿಮಾಲ ಭಿಕ್ಷುವಾದ ಮೇಲೂ, ಊರವರು ಎಸೆದ ಕಲ್ಲುಹೆಂಟೆಗಳಿಂದ ತಲೆಯೊಡೆದು, ಪಾತ್ರೆ ಮುರಿದು, ಚೀವರ ಹರಿದು ಬುದ್ಧನ ಬಳಿಗೆ ಬಂದಾಗ, ಸಹಿಸಿಕೊಳ್ಳೆಂಬ ಉಪದೇಶವನ್ನೇ ಪಡೆದನು. ಒಬ್ಬನದು ಕ್ಷಮೆಯಿಲ್ಲದ ಬದುಕು, ಇನ್ನೊಬ್ಬನದು ಕ್ಷಮೆ ದೊರೆತ ಮೇಲೂ ಫಲವನ್ನುಣ್ಣುವ ಬದುಕು. ಇಬ್ಬರಿಗೂ ಬದುಕೇ ಪ್ರಾಯಶ್ಚಿತ್ತದ ನೆಲೆ. ವೇಡರನಿಗೆ ಈ ನೆಲೆ ದೊರೆಯಲೇ ಇಲ್ಲ. ಪಶ್ಚಾತ್ತಾಪದ ಮೊದಲ ಗಳಿಗೆಯೇ ಅವನ ಕೊನೆಯ ಗಳಿಗೆಯಾಯಿತು. 2019ರಲ್ಲಿ ಅವನ ಮೊಮ್ಮಗ, ತಂದೆಯನ್ನೇ ಕೊಂದಿದ್ದ ಕೈಲೋ ರೆನ್, ಹಿಂದಿರುಗಿ ಬಂದಾಗಲೂ ಕಥೆಗಾರರು ಅವನಿಗೆ ಅದೇ ಅವಸರದ ಸಾವನ್ನು ಕೊಟ್ಟರು.

ಇನ್ನೂ ಇತ್ಯರ್ಥವಾಗದಿರುವುದು

ಈ ನಾಲ್ಕು ಪಕ್ಷಗಳೂ ತಮ್ಮ ತಮ್ಮ ಮಟ್ಟಿಗೆ ಸತ್ಯವನ್ನೇ ಹೇಳುತ್ತವೆ: ಉದ್ಧಾರಪಕ್ಷ ತಿರುವನ್ನು, ಋಣಪಕ್ಷ ಬಾಕಿಯನ್ನು, ವ್ರಣಪಕ್ಷ ನೋವನ್ನು, ಸಂಸ್ಥಾಪಕ್ಷ ಹಿನ್ನೆಲೆಯನ್ನು ವಿವರಿಸುತ್ತದೆ. ಆದರೂ ಮೂರು ಪ್ರಶ್ನೆಗಳು ನಿಂತೇ ಇವೆ.

ಮೊದಲನೆಯದು, ಪಾಪ ಮಾಡಿದವನೂ ಪಶ್ಚಾತ್ತಾಪ ಪಟ್ಟವನೂ ಒಬ್ಬನೇ ಎಂಬುದು. ಅನಾಕಿನ್ ಸತ್ತನೆಂದು ಒಬಿ-ವಾನ್ ಹೇಳಿದನು. ಆ ಹೆಸರಿಗೆ ಈಗ ಅರ್ಥವಿಲ್ಲವೆಂದು ವೇಡರ್ ಹೇಳಿದನು. 2022ರ ಸರಣಿಯಲ್ಲಿ, ಸೀಳಿದ ಮುಖವಾಡದೊಳಗಿಂದ ಅರ್ಧ ಮನುಷ್ಯಕಂಠ, ಅರ್ಧ ಯಂತ್ರಕಂಠದಲ್ಲಿ, ಅನಾಕಿನನನ್ನು ಕೊಂದವನು ತಾನೇ ಎಂದನು. ಎರಡು ಹೆಸರುಗಳ ನಡುವೆ ಗೋಡೆ ಕಟ್ಟಿಕೊಂಡವನಿಗೆ ಪಾಪಪ್ರಜ್ಞೆ ಸಾಧ್ಯವಿಲ್ಲ. ಮಾಡಿದವನು ನಾನೇ ಎಂದು ಎರಡು ಹೆಸರುಗಳನ್ನೂ ಒಪ್ಪಿಕೊಂಡಲ್ಲಿಯೇ ಅದರ ಆರಂಭ. 1983ರಲ್ಲಿ ಮುಖವಾಡ ಕಳಚಿದಾಗ ಕಂಡದ್ದು ಸೆಬಾಸ್ಟಿಯನ್ ಶಾ ಎಂಬ ವೃದ್ಧನಟನ ಬಿಳಿಚಿದ, ಗಾಯಗೊಂಡ ಮುಖ. ಕೊನೆಯ ಪ್ರೇತದರ್ಶನದಲ್ಲಿಯೂ ಆತನೇ ಇದ್ದನು. 2004ರ ಆವೃತ್ತಿಯಲ್ಲಿ ಲೂಕಸ್ ಆ ವೃದ್ಧನನ್ನು ತೆಗೆದು, ಪತನಕ್ಕೆ ಮುಂಚಿನ ತರುಣ ಅನಾಕಿನನ ಪಾತ್ರಧಾರಿ ಹೇಡನ್ ಕ್ರಿಸ್ಟೆನ್ಸನ್‌ನನ್ನು ನಿಲ್ಲಿಸಿದನು. ಉದ್ಧಾರವೆಂದರೆ ಪಾಪಕ್ಕೆ ಮೊದಲಿನ ಮುಖವನ್ನು ಮರಳಿ ಪಡೆಯುವುದೋ, ಅಥವಾ ಪಾಪವನ್ನು ಹೊತ್ತ ಮುಖದಲ್ಲಿಯೇ ಬೆಳಕಿಗೆ ಬರುವುದೋ? ನನ್ನ ಮನಸ್ಸು ತೆಗೆದುಹಾಕಲ್ಪಟ್ಟ ಆ ವೃದ್ಧನ ಕಡೆಗೇ ವಾಲುತ್ತದೆ. ಪಶ್ಚಾತ್ತಾಪ ಪಟ್ಟವನು ಅವನೇ ಅಲ್ಲವೇ?

ಎರಡನೆಯದು, ಶಕ್ತಿ ಅವನನ್ನು ತನ್ನ ಬೆಳಕಿನೊಳಗೆ ಸೇರಿಸಿಕೊಂಡದ್ದು ಸತ್ತವರ ಒಪ್ಪಿಗೆಯಿಂದಲೇ, ಅದನ್ನು ಮೀರಿಯೇ ಎಂಬುದು. ಪ್ರೇತವಾಗಿ ಒಬಿ-ವಾನ್ ಬಂದನು, ಜೆಡೈ ಗುರು ಯೋಡಾ ಬಂದನು, ಅನಾಕಿನ್ ಬಂದನು. ಮಂದಿರದ ಮಕ್ಕಳಲ್ಲಿ ಒಬ್ಬರೂ ಬರಲಿಲ್ಲ.

ಮೂರನೆಯದು, ಮುರಿದ ಶ್ರದ್ಧೆ ಮರಳಿದರೆ ಯಾವುದಕ್ಕೆ ಮರಳಬೇಕೆಂಬುದು: ಸಂಸ್ಥೆಗೋ, ಶಕ್ತಿಗೋ, ಇಲ್ಲವೇ ಎದುರಿಗಿರುವ ಒಂದು ಜೀವಕ್ಕೋ. ವೇಡರ್ ಕೊನೆಯಲ್ಲಿ ನಂಬಿದ್ದು ಮಗನನ್ನು ಮಾತ್ರ. ಬಹಿಷ್ಕೃತೆ ನಂಬಿದ್ದು ಜೊತೆಗೆ ನಡೆದವರನ್ನು. ಅಸೋಕಾ ನಂಬಿದ್ದು ತನ್ನ ವಿವೇಕವನ್ನು. ಈ ಮೂರರಲ್ಲಿ ಯಾವುದು ಶ್ರದ್ಧೆ, ಯಾವುದು ಅದರ ಉಳಿಕೆ ಎಂಬುದನ್ನು ಕಥೆ ಹೇಳಿಲ್ಲ. ಹೇಳಬೇಕಾದರೆ, ಪಾಪ ಮಾಡಿ, ತಿರುಗಿ ಬಂದು, ಸಾಯದೆ ಉಳಿದು, ಕೊಂದವರ ಮಕ್ಕಳ ನಡುವೆ ಮುಪ್ಪಾಗುವ ಒಬ್ಬ ಯೋಧನ ಕಥೆಯನ್ನು ಯಾರಾದರೂ ಬೆಳ್ಳಿತೆರೆಯ ಮೇಲೆ ಕೊನೆಯವರೆಗೆ ನಡೆಸಿ ತೋರಿಸಬೇಕು. ಅಲ್ಲಿಯವರೆಗೆ ಆ ಅಡವಿಯಲ್ಲಿ ಚಿತೆ ಒಂದು ಕಡೆ, ಹಬ್ಬ ಒಂದು ಕಡೆ. ನಡುವಣ ಕತ್ತಲ ದಾರಿಯನ್ನು ಮಗಳು ಇನ್ನೂ ನಡೆದು ಬಂದಿಲ್ಲ.